ಎಣಿಸಿದ್ದಾಯಿತು, ಇನ್ನು ಓದು

ಮೈಸೂರು

ಚಿ. ಮಾನಸಳಿಗೆ,

ನೀನು ಮೊಬೈಲಿಗೆ ಕಳಿಸಿದ ಪ್ರಾಜೆಕ್ಟನ್ನು ಪಕ್ಕದ ಜೆರಾಕ್ಸ್ ಅಂಗಡಿಯಲ್ಲಿ ದಪ್ಪ ಅಕ್ಷರದಲ್ಲಿ ಪ್ರಿಂಟ್ ತೆಗೆಸಿಕೊಂಡು ಬಂದು ಪೂರ್ತಿ ಓದಿದೆ. ಸ್ಟ್ಯಾಟಿಸ್ಟಿಕ್ಸ್ ಓದುವ ಹುಡುಗಿ ರಾಜಕೀಯ ಭಾಷಣಗಳನ್ನು ಹುಡುಕಿಕೊಂಡು ಹೋಗಿದ್ದಾಳಲ್ಲ ಎಂದು, ಜೀವಮಾನವಿಡೀ ರಾಜ್ಯಶಾಸ್ತ್ರ ಪಾಠ ಹೇಳಿದ ನನಗೆ ಆದ ಸಂತೋಷ ಅಷ್ಟಿಷ್ಟಲ್ಲ. 1789ರ ಜಾರ್ಜ್ ವಾಷಿಂಗ್ಟನ್ ಅವರಿಂದ ಹಿಡಿದು ಇತ್ತೀಚಿನವರ ತನಕ, ಅಮೆರಿಕದ ಅಧ್ಯಕ್ಷರು ಅಧಿಕಾರ ವಹಿಸಿಕೊಂಡ ದಿನ ಮಾಡಿದ ಭಾಷಣಗಳನ್ನೆಲ್ಲ ಕಂಪ್ಯೂಟರಿಗೆ ಕೊಟ್ಟು ಯಾವ ಪದ ಎಷ್ಟು ಸಲ ಬಂದಿದೆ ಎಂದು ಎಣಿಸಿದ್ದೀಯ. ‘ಅಮೆರಿಕ’ ಎಂಬ ಗೆರೆ ವರ್ಷ ಕಳೆದಂತೆ ಏರುತ್ತ ಹೋಗಿದೆ, ‘ನಾಗರಿಕ’ ಎಂಬ ಗೆರೆ ಇಳಿಯುತ್ತ ಬಂದಿದೆ. ಕೆಲಸ ಅಚ್ಚುಕಟ್ಟಾಗಿದೆ. ಆದರೆ ಕೊನೆಯ ಪುಟದಲ್ಲಿ ಎರಡು ತೀರ್ಮಾನ ಬರೆದಿದ್ದೀಯಲ್ಲ: ‘ನಾನು’ ಎನ್ನುವುದು ಕಡಿಮೆ ಇರುವ ಭಾಷಣ ವಿನಯದ ಭಾಷಣ, ‘ಅಮೆರಿಕ’ ಎನ್ನುವುದು ಹೆಚ್ಚಿರುವ ಭಾಷಣ ದೇಶಾಭಿಮಾನದ ಭಾಷಣ. ಈ ಎರಡನ್ನೂ ನಾನು ಒಪ್ಪಲಾರೆ. ಯಾಕೆ ಎಂದು ಹೇಳುವುದಕ್ಕೇ ಈ ಪತ್ರ.

ಮೊದಲು ‘ನಾನು’ ವಿಷಯಕ್ಕೆ ಬರೋಣ. 1905ರಲ್ಲಿ ಥಿಯೋಡರ್ ರೂಸ್‌ವೆಲ್ಟ್ ಮಾಡಿದ ಭಾಷಣದಲ್ಲಿ ‘ನಾನು’ ಒಂದು ಸಲವೂ ಇಲ್ಲ. ನಿನ್ನ ಲೆಕ್ಕದಲ್ಲಿ ಅವರೇ ಪರಮ ವಿನಯವಂತರು. ಅವರ ಚರಿತ್ರೆ ಓದಿದವರು ಯಾರೂ ಈ ಮಾತಿಗೆ ತಲೆದೂಗುವುದಿಲ್ಲ. ತಾನು ನಡೆದದ್ದೇ ದಾರಿ ಎಂಬಂಥ ಮನುಷ್ಯ ಅವರು. ಇನ್ನು 2017ರಲ್ಲಿ ಡೊನಾಲ್ಡ್ ಟ್ರಂಪ್ ಅವರ ಭಾಷಣದಲ್ಲಿ ‘ನಾನು’ ಬರುವುದು ಮೂರೇ ಸಲ. 1865ರಲ್ಲಿ ಲಿಂಕನ್ ಭಾಷಣದಲ್ಲಿ ಒಂದೇ ಸಲ. ಈ ಮೂವರನ್ನೂ ನಿನ್ನ ಕಂಪ್ಯೂಟರ್ ಒಂದೇ ಸಾಲಿನಲ್ಲಿ ಕೂರಿಸುತ್ತದೆ.

ಈಗ ವಾಷಿಂಗ್ಟನ್ ಅವರನ್ನು ನೋಡು. 1789ರ ಏಪ್ರಿಲ್ 30, ನ್ಯೂಯಾರ್ಕ್‌ನ ಫೆಡರಲ್ ಹಾಲ್. ಆ ಭಾಷಣದ ತುಂಬ ‘ನಾನು’, ‘ನನ್ನ’. ಅವರು ಹೇಳಿಕೊಳ್ಳುವುದೇನು? ಈ ಕರೆ ಬಂದಾಗ ತನಗೆ ಆತಂಕವಾಯಿತು, ಪ್ರಕೃತಿ ತನಗೆ ಕೊಟ್ಟ ಶಕ್ತಿ ಕಡಿಮೆ, ಆಡಳಿತದ ಕೆಲಸದಲ್ಲಿ ಪಳಗಿದವನಲ್ಲ, ತನ್ನ ಕೊರತೆಗಳ ಅರಿವು ತನಗಿದೆ ಎಂದು. ಯುದ್ಧ ಗೆದ್ದು ಬಂದ ಸೇನಾಪತಿ ಕಾಂಗ್ರೆಸ್ ಸದಸ್ಯರ ಮುಂದೆ ನಿಂತು ಓದುವಾಗ ಕೈ ನಡುಗುತ್ತಿತ್ತು ಎಂದು ಅಲ್ಲೇ ಕೂತಿದ್ದ ಸೆನೆಟರ್ ವಿಲಿಯಂ ಮೆಕ್ಲೇ ತಮ್ಮ ದಿನಚರಿಯಲ್ಲಿ ಬರೆದಿಟ್ಟಿದ್ದಾರೆ. ಹೀಗಾಗಿ ಮಗಳೇ, ‘ನಾನು’ ಎಷ್ಟು ಸಲ ಬಂತು ಎನ್ನುವುದಕ್ಕಿಂತ ಆ ‘ನಾನು’ ಏನು ಮಾಡುತ್ತಿದೆ ಎಂದು ನೋಡು. ತನ್ನ ದೌರ್ಬಲ್ಯ ಒಪ್ಪಿಕೊಳ್ಳುತ್ತಿದೆಯೋ, ಎದೆ ತಟ್ಟಿಕೊಳ್ಳುತ್ತಿದೆಯೋ, ಕಣ್ಣಾರೆ ಕಂಡದ್ದಕ್ಕೆ ಸಾಕ್ಷಿ ನುಡಿಯುತ್ತಿದೆಯೋ?

ಆ ಭಾಷಣದ ಹಿಂದಿನ ಕಥೆಯೂ ನಿನಗೆ ಗೊತ್ತಿರಲಿ. ಮೊದಲು ತಯಾರಾಗಿದ್ದು ಡೇವಿಡ್ ಹಂಫ್ರೀಸ್ ಎಂಬುವರ ನೆರವಿನ 73 ಪುಟಗಳ ಕರಡು. ಅದನ್ನು ನೋಡಿದ ಜೇಮ್ಸ್ ಮ್ಯಾಡಿಸನ್ ಬದಿಗೆ ಸರಿಸಿ, ಚಿಕ್ಕದಾದ ಬೇರೆಯದನ್ನೇ ಬರೆದುಕೊಟ್ಟರು. ಆಮೇಲೆ ಈ ಭಾಷಣಕ್ಕೆ ಪ್ರತಿನಿಧಿ ಸಭೆಯ ಪರವಾಗಿ ಉತ್ತರ ಬರೆದದ್ದೂ ಅದೇ ಮ್ಯಾಡಿಸನ್, ಆ ಉತ್ತರಕ್ಕೆ ವಾಷಿಂಗ್ಟನ್ ಅವರ ಪರವಾಗಿ ಮರುತ್ತರ ಬರೆದದ್ದೂ ಅವರೇ! ಸಂವಿಧಾನ ಕೇಳುವುದು 35 ಪದಗಳ ಪ್ರಮಾಣವಚನವನ್ನು ಮಾತ್ರ. ಭಾಷಣ ಮಾಡಲೇಬೇಕೆಂಬ ನಿಯಮವಿಲ್ಲ. ಅಂದು ವಾಷಿಂಗ್ಟನ್ ಮಾಡಿದರು, ಅದೇ ಸಂಪ್ರದಾಯವಾಯಿತು. ನಮ್ಮಲ್ಲಿ ಪ್ರಧಾನಿಯಾಗಲಿ ಮುಖ್ಯಮಂತ್ರಿಯಾಗಲಿ ಪ್ರಮಾಣ ಸ್ವೀಕರಿಸಿ ಸಹಿ ಹಾಕಿ ಕೂರುತ್ತಾರೆ, ಭಾಷಣ ಆ ವಿಧಿಗೆ ಸೇರಿದ್ದಲ್ಲ. ಹಾಗಾಗಿ ಒಂದೇ ಸಂದರ್ಭದಲ್ಲಿ, ಒಂದೇ ಹುದ್ದೆಯವರು, ಇನ್ನೂರು ವರ್ಷಕ್ಕೂ ಮಿಕ್ಕಿ ಆಡಿದ ಮಾತುಗಳನ್ನು ಅಕ್ಕಪಕ್ಕ ಇಟ್ಟು ನೋಡುವ ಅವಕಾಶ ಅಲ್ಲಿ ಸಿಗುವ ಹಾಗೆ ಇಲ್ಲಿ ಸಿಗುವುದಿಲ್ಲ. ನೀನು ಅದನ್ನೇ ಆರಿಸಿಕೊಂಡದ್ದು ಸರಿಯಾಗಿದೆ.

ಒಂದು ಸಣ್ಣ ತಿದ್ದುಪಡಿ. ಭಾಷಣಗಳ ಉದ್ದ ಒಂದೇ ಸಮ ಇಲ್ಲ. ವಾಷಿಂಗ್ಟನ್ ಅವರ 1793ರ ಎರಡನೆಯ ಭಾಷಣ 135 ಪದ. 1841ರಲ್ಲಿ ವಿಲಿಯಂ ಹೆನ್ರಿ ಹ್ಯಾರಿಸನ್ ಓದಿದ್ದು ಎಂಟು ಸಾವಿರಕ್ಕೂ ಹೆಚ್ಚು ಪದ, ಸುಮಾರು ಒಂದೂ ಮುಕ್ಕಾಲು ಗಂಟೆ. ಪಾಪ, ಅಧಿಕಾರಕ್ಕೆ ಬಂದ ತಿಂಗಳಿಗೇ ತೀರಿಹೋದರು. ಆದ್ದರಿಂದ ಬರೀ ಎಣಿಕೆ ಕೊಡಬೇಡ, ಸಾವಿರ ಪದಕ್ಕೆ ಎಷ್ಟು ಎಂದು ಕೊಡು. ಇದು ನಿನ್ನ ಮೇಷ್ಟರೂ ಹೇಳುವ ಮಾತೇ.

ಇನ್ನು ‘ಅಮೆರಿಕ’ ವಿಷಯ. ಇದಕ್ಕೆ ನಿನ್ನನ್ನು ಲಿಂಕನ್ ಹತ್ತಿರ ಕರೆದುಕೊಂಡು ಹೋಗಬೇಕು.

1865ರ ಮಾರ್ಚ್ 4. ನಾಲ್ಕು ವರ್ಷದ ಅಂತರ್ಯುದ್ಧ ಮುಗಿಯುವ ಹಂತಕ್ಕೆ ಬಂದಿದೆ, ಉತ್ತರ ಗೆಲ್ಲುತ್ತಿದೆ. ಎದುರಿಗೆ ನಿಂತ ಜನ ಮಕ್ಕಳನ್ನು ಕಳೆದುಕೊಂಡವರು, ಕೈಕಾಲು ಕಳೆದುಕೊಂಡವರು. ಅವರ ಮುಂದೆ ದಕ್ಷಿಣದವರನ್ನು ಬೈದಿದ್ದರೆ ಚಪ್ಪಾಳೆ ಮುಗಿಲು ಮುಟ್ಟುತ್ತಿತ್ತು. ಲಿಂಕನ್ ಆಡಿದ್ದು ಸುಮಾರು 700 ಪದ. ಅದನ್ನು ಮುಂದಿಟ್ಟುಕೊಂಡು ಪೆನ್ಸಿಲ್ ಹಿಡಿದು ಕೂರು. ‘ಎಲ್ಲರೂ’, ‘ಇಬ್ಬರೂ’ ಎಂಬ ಪದಗಳ ಕೆಳಗೆ ಗೀಟು ಹಾಕುತ್ತ ಹೋಗು. ನಾಲ್ಕು ವರ್ಷದ ಹಿಂದೆ ಎಲ್ಲರೂ ಯುದ್ಧಕ್ಕೆ ಅಂಜಿದ್ದರು, ಎಲ್ಲರೂ ಅದನ್ನು ತಪ್ಪಿಸಲು ನೋಡಿದರು. ಇಬ್ಬರೂ ಓದುವುದು ಒಂದೇ ಬೈಬಲ್, ಪ್ರಾರ್ಥಿಸುವುದು ಒಬ್ಬನೇ ದೇವರನ್ನು. ಒಬ್ಬರು ದೇಶ ಉಳಿಯಗೊಡುವುದಕ್ಕಿಂತ ಯುದ್ಧ ಮಾಡುವೆವೆಂದರು, ಇನ್ನೊಬ್ಬರು ದೇಶ ಅಳಿಯಗೊಡುವುದಕ್ಕಿಂತ ಯುದ್ಧವನ್ನು ಒಪ್ಪುವೆವೆಂದರು ಎಂದು ವ್ಯತ್ಯಾಸವನ್ನು ಸ್ಪಷ್ಟವಾಗಿ ಹೇಳಿ, ಆ ವಾಕ್ಯವನ್ನು ಮುಗಿಸುವುದು ಹೀಗೆ: ಯುದ್ಧ ಬಂತು. ಅವರು ತಂದರು ಎಂದಲ್ಲ, ಬಂತು. ಇಡೀ ಭಾಷಣದಲ್ಲಿ ‘ಶತ್ರು’ ಎಂಬ ಪದ ಇಲ್ಲ. ‘ದಂಗೆಕೋರರು’ ಎಂಬ ಪದ ಇದೆ, ಇಲ್ಲವೆನ್ನುವುದಿಲ್ಲ. ನಾಲ್ಕು ವರ್ಷದ ಹಿಂದೆ ನಡೆದದ್ದನ್ನು ಹೇಳುವಾಗ ಬರುತ್ತದೆ, ಅಲ್ಲಿಗೇ ನಿಲ್ಲುತ್ತದೆ.

ಆಮೇಲೆ ಬರುತ್ತದೆ ನಾನು ತೋರಿಸಬೇಕೆಂದಿದ್ದ ಜಾಗ. ಗುಲಾಮರು ದೇಶದ ತುಂಬ ಹರಡಿರಲಿಲ್ಲ, ದಕ್ಷಿಣ ಭಾಗದಲ್ಲಿದ್ದರು ಎಂದು ಲಿಂಕನ್ ಅವರೇ ಮೊದಲು ಹೇಳುತ್ತಾರೆ. ಇನ್ನೆರಡು ಹೆಜ್ಜೆ ಮುಂದೆ ಹೋಗಿ ಆ ಪಾಪವನ್ನು ಹೆಸರಿಸಬೇಕಾದಾಗ ‘ದಕ್ಷಿಣದ ಗುಲಾಮಗಿರಿ’ ಎನ್ನುವುದಿಲ್ಲ. ‘ಅಮೆರಿಕದ ಗುಲಾಮಗಿರಿ’ ಎನ್ನುತ್ತಾರೆ. ಗುಲಾಮರು ಬೆಳೆದ ಹತ್ತಿಯಿಂದ ಉತ್ತರದ ಗಿರಣಿಗಳೂ ನಡೆದಿದ್ದವು, ಅಲ್ಲಿನ ಬ್ಯಾಂಕುಗಳೂ ಕೊಬ್ಬಿದ್ದವು. ಆ ಒಂದು ವಿಶೇಷಣದಿಂದ, ಗೆದ್ದವರ ಮುಂದೆ ನಿಂತು, ಗೆದ್ದವರ ಹೆಗಲ ಮೇಲೂ ಹೊರೆ ಇಟ್ಟರು. ಚಾಟಿಯೇಟಿಗೆ ಬಿದ್ದ ಒಂದೊಂದು ತೊಟ್ಟು ರಕ್ತಕ್ಕೂ ಕತ್ತಿಯಿಂದ ಬೆಲೆ ತೆರಬೇಕಾಗಿ ಬಂದರೂ ದೇವರ ತೀರ್ಪು ನ್ಯಾಯವಾದದ್ದೇ ಎಂದರು. ಜನರಿಗೆ ಇದು ಕೂಡಲೇ ಹಿಡಿಸುವುದಿಲ್ಲವೆಂಬುದು ಅವರಿಗೆ ಗೊತ್ತಿತ್ತು. ಹನ್ನೊಂದು ದಿನದ ಮೇಲೆ ರಾಜಕಾರಣಿ ಥರ್ಲೋ ವೀಡ್ ಅವರಿಗೆ ಬರೆದ ಕಾಗದದಲ್ಲಿ ಹಾಗೇ ಹೇಳಿಕೊಂಡಿದ್ದಾರೆ. ಗುಲಾಮಗಿರಿಯಿಂದ ತಪ್ಪಿಸಿಕೊಂಡು ಬಂದು ದೊಡ್ಡ ನಾಯಕರಾಗಿದ್ದ ಫ್ರೆಡರಿಕ್ ಡಗ್ಲಸ್ ಆ ಜನಸಂದಣಿಯಲ್ಲಿ ನಿಂತು ಕೇಳಿದ್ದರು. ಸಂಜೆ ಶ್ವೇತಭವನಕ್ಕೆ ಹೋದಾಗ ಲಿಂಕನ್ ಅವರೇ ಡಗ್ಲಸ್ ಅವರ ಅಭಿಪ್ರಾಯ ಕೇಳಿದರು. ಅದೊಂದು ಪವಿತ್ರ ಪ್ರಯತ್ನ ಎಂದರು ಡಗ್ಲಸ್. ಆರು ವಾರದೊಳಗೆ ಲಿಂಕನ್ ಅವರ ಕೊಲೆಯಾಯಿತು.

ಇದೇ ಲಿಂಕನ್ ಮೊದಲ ಸಲ, 1861ರಲ್ಲಿ, ಗುಲಾಮಗಿರಿ ಇರುವ ರಾಜ್ಯಗಳಲ್ಲಿ ಅದರ ತಂಟೆಗೆ ಹೋಗುವುದಿಲ್ಲವೆಂದು ಮಾತು ಕೊಟ್ಟಿದ್ದರು ಎಂಬುದನ್ನೂ ನೀನು ಮರೆಯಬಾರದು. ಆ ಭಾಷಣದ ಕರಡು ಒಂದು ಬೆದರಿಕೆಯಂಥ ಪ್ರಶ್ನೆಯಲ್ಲಿ ಮುಗಿಯುತ್ತಿತ್ತು: ಶಾಂತಿಯೋ, ಖಡ್ಗವೋ? ಅವರ ಸಂಪುಟ ಸೇರಲಿದ್ದ ವಿಲಿಯಂ ಸೀವರ್ಡ್ ಅದನ್ನು ನೋಡಿ, ಪ್ರೀತಿಯ ಎರಡು ಮಾತಿರಲಿ ಎಂದು ತಾವೇ ಒಂದು ಮುಕ್ತಾಯ ಬರೆದುಕೊಟ್ಟರು. ಅದರಲ್ಲಿ ದೇಶವನ್ನು ಕಾಯುವ ದೇವತೆಯ ಪ್ರಸ್ತಾಪವಿತ್ತು. ಲಿಂಕನ್ ಆ ದೇವತೆಯನ್ನು ಹೊರಗಿನಿಂದ ಒಳಕ್ಕೆ ತಂದು, ನಮ್ಮ ಸ್ವಭಾವದಲ್ಲೇ ಇರುವ ಒಳ್ಳೆಯ ದೇವತೆಗಳು ಎಂದು ಮಾಡಿದರು. ಕಾಪಾಡುವ ಕೆಲಸ ಕೇಳುಗರ ಮೇಲೇ ಬಿತ್ತು. ಅಷ್ಟೆಲ್ಲ ತಿದ್ದಿಯೂ ಏಪ್ರಿಲ್‌ನಲ್ಲಿ ಯುದ್ಧ ಶುರುವಾಯಿತು. ಒಳ್ಳೆಯ ಮಾತು ಕೆಟ್ಟದ್ದನ್ನು ತಡೆಯುತ್ತದೆ ಎಂಬ ಖಾತರಿ ಇಲ್ಲ. ಆದರೂ ಆ ಮಾತು ಉಳಿಯಿತು, ಮುಂದಿನವರು ಕಷ್ಟ ಬಂದಾಗಲೆಲ್ಲ ಅದನ್ನೇ ಎತ್ತಿಕೊಂಡರು.

ನಿನ್ನ ಕಂಪ್ಯೂಟರ್ ಇಲ್ಲದ್ದನ್ನು ಎಣಿಸುವುದಿಲ್ಲ. 1787ರ ಅಮೆರಿಕದ ಸಂವಿಧಾನದಲ್ಲಿ ಗುಲಾಮಗಿರಿಗೆ ರಕ್ಷಣೆ ಇತ್ತು, ಆದರೆ ಗುಲಾಮ ಎಂಬ ಪದವೇ ಇರಲಿಲ್ಲ. ‘ಇತರ ವ್ಯಕ್ತಿಗಳು’ ಎಂದು ಬರೆದಿಟ್ಟರು. ಅಧಿಕಾರ ಸ್ವೀಕಾರದ ಭಾಷಣದಲ್ಲಿ ದೇಶದೊಳಗಿನ ಗುಲಾಮಗಿರಿಯನ್ನು ನೇರವಾಗಿ ಹೆಸರಿಸಿದ ಮೊದಲಿಗರು ಮಾರ್ಟಿನ್ ವ್ಯಾನ್ ಬ್ಯೂರನ್, 1837ರಲ್ಲಿ. ಪದ ಬಂತೆಂದು ಹಿಗ್ಗಬೇಡ. ರಾಜಧಾನಿಯಲ್ಲಿ ಅದನ್ನು ರದ್ದು ಮಾಡಲು ಗುಲಾಮಗಿರಿಯ ರಾಜ್ಯಗಳ ಇಚ್ಛೆಗೆ ವಿರುದ್ಧವಾಗಿ ಕಾಂಗ್ರೆಸ್ ಹೊರಟರೆ ತಾವು ಬಗ್ಗದೆ ವಿರೋಧಿಸುವುದಾಗಿ ಹೇಳಲು ಬಂದ ಪದ ಅದು. ಹೆಸರಿಸದೆ ಇದ್ದದ್ದೂ ಅನ್ಯಾಯ, ಹೆಸರಿಸಿ ಕಾಪಾಡಿದ್ದೂ ಅನ್ಯಾಯ. ನಿನ್ನ ನಕ್ಷೆಯಲ್ಲಿ ವ್ಯಾನ್ ಬ್ಯೂರನ್ ಮತ್ತು ಲಿಂಕನ್ ಪಕ್ಕಪಕ್ಕದ ಎರಡು ಚುಕ್ಕೆ.

ಈಗ 2017ಕ್ಕೆ ಬಾ. ಟ್ರಂಪ್ ಅವರು ಬಡತನದಲ್ಲಿ ಸಿಕ್ಕಿಬಿದ್ದ ತಾಯಂದಿರು, ಸಮಾಧಿಯ ಕಲ್ಲುಗಳ ಹಾಗೆ ದೇಶದಲ್ಲೆಲ್ಲ ಹರಡಿರುವ ತುಕ್ಕು ಹಿಡಿದ ಕಾರ್ಖಾನೆಗಳು, ಅಪರಾಧ, ಮಾದಕವಸ್ತು ಎಂದು ಹೇಳುತ್ತ ಬಂದು, ‘ಅಮೆರಿಕದ ಮಾರಣಹೋಮ’ ಇಲ್ಲಿಗೇ, ಈಗಲೇ ನಿಲ್ಲುತ್ತದೆ ಎಂದರು. ಮಾರಣಹೋಮ ಎಂಬ ಅರ್ಥದ ಆ ಪದ ಅದಕ್ಕೆ ಮುಂಚೆ ಈ ಭಾಷಣಗಳಲ್ಲಿ ಬಂದಿರಲಿಲ್ಲ. ಹಿಂದಿನ ಅಧ್ಯಕ್ಷರು ಅಲ್ಲೇ ವೇದಿಕೆಯ ಮೇಲೆ ಕೂತಿದ್ದರು. ‘ಅವರ’ ಗೆಲುವು ‘ನಿಮ್ಮ’ ಗೆಲುವಾಗಲಿಲ್ಲ ಎಂದು ಅವರ ಎದುರೇ ಹೇಳಿದರು. ಕಾರ್ಖಾನೆ ಮುಚ್ಚಿದ ಊರುಗಳ ಜನಕ್ಕೆ, ಅಂತೂ ನಮ್ಮ ನೋವನ್ನು ಒಬ್ಬರು ಹೇಳಿದರಲ್ಲ ಎನಿಸಿತು. ಅದನ್ನು ಹಗುರ ಮಾಡಬಾರದು. ಆ ನೋವು ನಿಜ. ಆದರೆ ಪದವನ್ನು ನೋಡು. 1865ರ ‘ಅಮೆರಿಕದ’ ಎಂಬುದು ತಪ್ಪನ್ನು ಹೇಳುವವನೂ ಸೇರಿದಂತೆ ಎಲ್ಲರಿಗೂ ಹಂಚುತ್ತದೆ. 2017ರ ‘ಅಮೆರಿಕದ’ ಎಂಬುದು ನೋವನ್ನು ಎಲ್ಲರಿಗೂ ಹಂಚಿ, ತಪ್ಪನ್ನು ಮಾತ್ರ ಪಕ್ಕದಲ್ಲಿ ಕೂತ ಕೆಲವರಿಗೆ ಕೊಡುತ್ತದೆ. ನಿನ್ನ ಏರುವ ಗೆರೆಗೆ ಎರಡೂ ಒಂದೊಂದು ಅಂಕ ಸೇರಿಸುತ್ತವೆ. ಆ ಗೆರೆಯಿಂದ ದೇಶಾಭಿಮಾನ ಅಳೆಯಲು ಬರುವುದಿಲ್ಲ ಎನ್ನುವುದು ಇದಕ್ಕೇ.

ದೊಡ್ಡಪ್ಪನಿಗೆ ಒಬ್ಬರ ಮೇಲೆ ಪ್ರೀತಿ, ಒಬ್ಬರ ಮೇಲೆ ಸಿಟ್ಟು ಎಂದುಕೊಳ್ಳಬೇಡ. 1933ರಲ್ಲಿ ಫ್ರಾಂಕ್ಲಿನ್ ರೂಸ್‌ವೆಲ್ಟ್ ಅವರೂ ಬೆರಳು ತೋರಿಸಿದವರೇ. ಹಣದ ವ್ಯಾಪಾರಿಗಳು ದೇಗುಲದ ಪೀಠ ಬಿಟ್ಟು ಓಡಿದ್ದಾರೆ ಎಂದರು. ಬ್ಯಾಂಕುಗಳು ಬಾಗಿಲು ಹಾಕಿದ್ದವು, ದುಡಿಯುವ ನಾಲ್ವರಲ್ಲಿ ಒಬ್ಬರಿಗೆ ಕೆಲಸ ಇರಲಿಲ್ಲ. ಭಯವೊಂದಕ್ಕೇ ಭಯಪಡಬೇಕು ಎಂಬ ಅವರ ಮಾತನ್ನು ಈಗ ಎಲ್ಲರೂ ಹೇಳುತ್ತಾರೆ. ಅಂದು ಸೇರಿದ್ದ ಜನ ಜೋರಾಗಿ ಜೈಕಾರ ಹಾಕಿದ್ದು ಆ ಮಾತಿಗಲ್ಲ. ಹೊರಗಿನ ಶತ್ರು ದಂಡೆತ್ತಿ ಬಂದಾಗ ಕೊಡುವಷ್ಟು ಅಧಿಕಾರವನ್ನು ಕಾಂಗ್ರೆಸ್‌ನಿಂದ ಕೇಳಬೇಕಾದೀತು ಎಂದಾಗ. ಅದನ್ನು ಕಂಡು ಸ್ವಲ್ಪ ಭಯವೇ ಆಯಿತು ಎಂದು ಅವರ ಪತ್ನಿ ಎಲಿನೋರ್ ಹೇಳಿದ್ದಾರೆ. ಕಂಗೆಟ್ಟ ಜನ ಯಾವ ಪದಕ್ಕೆ ಚಪ್ಪಾಳೆ ತಟ್ಟುತ್ತಾರೆ ಎನ್ನುವುದೂ ನಿನ್ನ ಅಧ್ಯಯನಕ್ಕೆ ಸೇರಬೇಕು.

ಅದೇ ರೂಸ್‌ವೆಲ್ಟ್ 1937ರಲ್ಲಿ ಮತ್ತೆ ನಿಂತಾಗ ‘ನಾನು ಕಾಣುತ್ತಿದ್ದೇನೆ’ ಎಂದು ಒಂದಾದ ಮೇಲೊಂದು ವಾಕ್ಯ ಶುರುಮಾಡುತ್ತಾರೆ. ದೇಶದ ಮೂರನೇ ಒಂದು ಪಾಲು ಜನಕ್ಕೆ ಸರಿಯಾದ ಮನೆಯಿಲ್ಲ, ಬಟ್ಟೆಯಿಲ್ಲ, ಊಟವಿಲ್ಲ. ನಾಲ್ಕು ವರ್ಷ ಆಳಿದ ಮೇಲೆ ಇದನ್ನು ತಾನೇ ಹೇಳುವುದೆಂದರೆ ತನ್ನ ಅಂಗಳದ ಕಸವನ್ನು ತಾನೇ ತೋರಿಸಿದ ಹಾಗೆ. ಅಲ್ಲಿ ‘ನಾನು’ ಹೆಚ್ಚು; ಆದರೆ ಆ ‘ನಾನು’ ಜಂಭದ್ದಲ್ಲ, ಹೊಣೆ ಹೊತ್ತವನದು.

ಒಂದು ಪದ ಮತ್ತೆ ಮತ್ತೆ ಬಂದರೆ ಆ ವಸ್ತು ಹೇರಳವಾಗಿದೆ ಎಂದೂ ಅಲ್ಲ. 2021ರ ಜನವರಿ 20ರಂದು ಜೋ ಬೈಡನ್ ‘ಪ್ರಜಾಪ್ರಭುತ್ವ’ ಎಂಬುದನ್ನು 11 ಸಲ ಹೇಳಿದರು, ಉಳಿದ ಯಾರಿಗಿಂತಲೂ ಹೆಚ್ಚು. ಎರಡು ವಾರದ ಹಿಂದಷ್ಟೇ ಅದೇ ಕ್ಯಾಪಿಟಲ್ ಕಟ್ಟಡಕ್ಕೆ ಜನ ನುಗ್ಗಿದ್ದರು. ಕೈಜಾರೀತು ಎಂಬ ಅಳುಕಿರುವುದನ್ನೇ ಜನ ಪದೇ ಪದೇ ಹೆಸರು ಹಿಡಿದು ಕರೆಯುವುದು.

ಅರ್ಧ ವಾಕ್ಯ ಕತ್ತರಿಸಿ ಓದುವ ಚಾಳಿಯನ್ನೂ ಬಿಡಿಸಿಕೋ. ಸರ್ಕಾರ ಸಮಸ್ಯೆಗೆ ಪರಿಹಾರವಲ್ಲ, ಸರ್ಕಾರವೇ ಸಮಸ್ಯೆ ಎಂದು 1981ರಲ್ಲಿ ರೊನಾಲ್ಡ್ ರೇಗನ್ ಹೇಳಿದ್ದನ್ನು ನೀನೂ ಎತ್ತಿ ಬರೆದಿದ್ದೀಯ. ‘ಈಗಿನ ಬಿಕ್ಕಟ್ಟಿನಲ್ಲಿ’ ಎಂಬುದು ಆ ವಾಕ್ಯದ ಆರಂಭ. ಅದನ್ನು ಬಿಟ್ಟರೆ ಮಾತಿನ ತೂಕವೇ ಬದಲಾಗುತ್ತದೆ. 1997ರಲ್ಲಿ ಬಿಲ್ ಕ್ಲಿಂಟನ್, ಸರ್ಕಾರ ಸಮಸ್ಯೆಯೂ ಅಲ್ಲ ಪರಿಹಾರವೂ ಅಲ್ಲ ಎಂದದ್ದು ಅದಕ್ಕೆ ಕೊಟ್ಟ ಉತ್ತರ. ಅವುಗಳನ್ನು ಜೋಡಿಯಾಗಿ ಓದು.

ನನಗೆ ಬಹಳ ಇಷ್ಟವಾದ ಒಂದು ಸಂಗತಿ ಹೇಳುತ್ತೇನೆ. 1961ರ ಕೆನಡಿ ಭಾಷಣ ಗೊತ್ತಲ್ಲ? ಭಾಷಣ ಬರೆಯಲು ನೆರವಾಗುತ್ತಿದ್ದ ಟೆಡ್ ಸೊರೆನ್ಸನ್ ಜೊತೆ ಸೇರಿ ತಿದ್ದಿ ತೀಡಿದ್ದು, ಚಿಕ್ಕ ಚಿಕ್ಕ ಪದ, ಚಿಕ್ಕ ಚಿಕ್ಕ ವಾಕ್ಯ. ಹೆಚ್ಚುಕಡಿಮೆ ಪೂರ್ತಿ ವಿದೇಶದ ವಿಚಾರವೇ. ಆಗ ದಕ್ಷಿಣದ ಹೋಟೆಲುಗಳಲ್ಲಿ ಕರಿಯ ವಿದ್ಯಾರ್ಥಿಗಳು ಊಟ ಕೊಡದಿದ್ದರೂ ಎದ್ದು ಹೋಗದೆ ಕೂತು ಸತ್ಯಾಗ್ರಹ ಮಾಡುತ್ತಿದ್ದ ಕಾಲ. ಭಾಷಣದಲ್ಲಿ ಅದರ ಸುಳಿವೇ ಇಲ್ಲ. ಕೆನಡಿಯವರ ಬಳಗದಲ್ಲಿದ್ದ ಹ್ಯಾರಿಸ್ ವಾಫರ್ಡ್ ಮತ್ತು ಕರಿಯ ಪತ್ರಕರ್ತ ಲೂಯಿಸ್ ಮಾರ್ಟಿನ್ ಇದನ್ನು ಗಮನಿಸಿ ಒತ್ತಾಯ ಮಾಡಿದರು. ವಾಫರ್ಡ್ ಗಾಂಧಿಯವರ ದಾರಿಯನ್ನು ತಿಳಿಯಲು ಭಾರತಕ್ಕೆ ಬಂದು ಹೋಗಿದ್ದವರು. ಕೊನೆಗೆ, ಮಾನವ ಹಕ್ಕುಗಳಿಗೆ ನಾವು ಬದ್ಧರು ಎಂಬ ವಾಕ್ಯದಲ್ಲಿ ‘ಜಗತ್ತಿನಾದ್ಯಂತ’ ಎಂಬುದರ ಹಿಂದೆ ‘ನಮ್ಮ ದೇಶದಲ್ಲೂ’ ಎಂಬ ಅರ್ಥದ ಎರಡೇ ಪದ ಸೇರಿಸಿದರು. ಇಡೀ ಭಾಷಣದಲ್ಲಿ ಆ ಹೋರಾಟಕ್ಕೆ ಸಿಕ್ಕ ಜಾಗ ಅಷ್ಟು. ಸಾಕೇ ಎಂದರೆ ಸಾಲದು. ಆದರೆ ಆ ಎರಡು ಪದ ನಿನ್ನ ನಕ್ಷೆಯಲ್ಲಿ ಎಲ್ಲಿಯೂ ಕಾಣುವುದಿಲ್ಲ. ಯಾರು ಸೇರಿಸಿದರು, ಯಾಕೆ ಸೇರಿಸಿದರು ಎಂಬುದು ತಿಳಿದರೆ ಮಾತ್ರ ಕಾಣುತ್ತವೆ.

‘ನಾಗರಿಕ’ ಎಂಬ ಗೆರೆ ಇಳಿದದ್ದಕ್ಕೂ ನಾಯಕರನ್ನಷ್ಟೇ ದೂರಬೇಡ. ಮೊದಲಿನವರು ‘ಸಹ ನಾಗರಿಕರೇ’ ಎಂದು ಎದುರಿಗಿದ್ದವರನ್ನು ಕರೆದು ಬರೆದ ಭಾಷಣ ಓದುತ್ತಿದ್ದರು. ಮಿಕ್ಕವರಿಗೆ ಅದು ಪತ್ರಿಕೆಯಲ್ಲಿ ತಲುಪುತ್ತಿತ್ತು. 1921ರಲ್ಲಿ ಧ್ವನಿವರ್ಧಕ ಬಂತು, 1925ರಲ್ಲಿ ರೇಡಿಯೋ, 1949ರಲ್ಲಿ ಟೆಲಿವಿಷನ್. ಮಾತು ಮನೆಯೊಳಕ್ಕೆ ಬಂದ ಮೇಲೆ ವಾಕ್ಯ ಚಿಕ್ಕದಾಯಿತು, ಕರೆಯುವ ಪದವೂ ಬದಲಾಯಿತು.

ಮುಂದಿನ ಸಲ ಕನ್ನಡದ ಭಾಷಣಗಳನ್ನು ಎಣಿಸುತ್ತೇನೆ ಎಂದಿದ್ದೀಯ. ಖಂಡಿತ ಮಾಡು. ಆದರೆ ಎಚ್ಚರ: ಕನ್ನಡದಲ್ಲಿ ‘ನಾನು’ ಕ್ರಿಯಾಪದದಲ್ಲೇ ಅಡಗಿರುತ್ತದೆ. ‘ರಸ್ತೆ ಮಾಡಿಸಿದೆ, ಕೆರೆ ತುಂಬಿಸಿದೆ, ಸಾಲ ಮನ್ನಾ ಮಾಡಿದೆ’ ಎಂದರೆ ಕಂಪ್ಯೂಟರಿಗೆ ಒಂದು ‘ನಾನು’ ಕೂಡ ಸಿಗುವುದಿಲ್ಲ. ಇನ್ನು ವಿಧಾನಮಂಡಲದ ಜಂಟಿ ಅಧಿವೇಶನದಲ್ಲಿ ರಾಜ್ಯಪಾಲರು ‘ನನ್ನ ಸರ್ಕಾರ’ ಎಂದು ಓದುತ್ತಾರಲ್ಲ, ಆ ಭಾಷಣ ಬರೆಯುವುದು ಸರ್ಕಾರ. ಅಲ್ಲಿ ‘ನನ್ನ’ ಎಂದರೆ ಯಾರ? ಇದನ್ನು ಮೊದಲೇ ಗಟ್ಟಿ ಮಾಡಿಕೊಂಡು ಎಣಿಕೆಗೆ ಇಳಿ.

ನಿನ್ನಿಂದ ನಾನು ಕೇಳುವುದು ಇಷ್ಟು. ಆ ಕೊನೆಯ ಪುಟ ಹರಿದುಹಾಕಿ, ಲಿಂಕನ್ ಅವರ 1865ರ ಭಾಷಣವನ್ನು ಒಮ್ಮೆ ಗಟ್ಟಿಯಾಗಿ ಓದು. ಹತ್ತು ನಿಮಿಷ ಹಿಡಿಯುವುದಿಲ್ಲ. ಆಮೇಲೆ ನಿನ್ನ ಪಟ್ಟಿಗೆ ಎರಡು ಕಲಂ ಸೇರಿಸು: ಈ ಪದದಿಂದ ಹೊಣೆ ಯಾರ ಮೇಲೆ ಬೀಳುತ್ತದೆ, ಈ ಪದದ ಹೊರಗೆ ಯಾರು ಉಳಿಯುತ್ತಾರೆ. ಇವನ್ನು ಕೈಯಲ್ಲೇ ತುಂಬಬೇಕು, ಕಂಪ್ಯೂಟರ್ ತುಂಬಿಕೊಡುವುದಿಲ್ಲ. ಎಲ್ಲ ಭಾಷಣಕ್ಕೂ ಬೇಡ, ಐದಕ್ಕೆ ಸಾಕು. ತುಂಬಿದ ಮೇಲೆ ನನಗೆ ಕಳಿಸು. ಒಪ್ಪದ ಕಡೆ ಒಪ್ಪುವುದಿಲ್ಲ ಎಂದೇ ಬರೆ, ದೊಡ್ಡಪ್ಪ ಹೇಳಿದರೆಂದು ಸುಮ್ಮನಿರಬೇಡ.

ಇಂತಿ ನಿನ್ನ ಪ್ರೀತಿಯ
ದೊಡ್ಡಪ್ಪ